ಐಟಿಐ ಮುಗಿಸಿದ ವೆಲ್ಡರ್‌ಗಳು ಎಲ್ಲಿ ಹೋದರು?

ಸಂಪಾದಕರೇ,

ಮಲ್ಪೆಯಲ್ಲಿ ನಾರ್ವೆಯ ಕಂಪನಿಗೆ ಸರಕು ಹಡಗು ಕಟ್ಟುತ್ತಿದ್ದಾರೆ ಅಂತ ಓದಿದಾಗಲೆಲ್ಲ ಖುಷಿಯಾಗುತ್ತದೆ. ದಿವಾಳಿಯಾಗಿದ್ದ ಅಲ್ಲಿನ ಟೆಬ್ಮಾ ಹಡಗು ಯಾರ್ಡನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಕೊಂಡುಕೊಂಡಿದ್ದು ನಮ್ಮ ಕರಾವಳಿಯ ಪುಣ್ಯ. ಸರಿ, ಈಗ ನಮ್ಮ ಐಟಿಐಗಳಲ್ಲಿ ವೆಲ್ಡರ್, ಫಿಟ್ಟರ್ ಪಾಸಾದ ಹುಡುಗರಲ್ಲಿ ಎಷ್ಟು ಜನ ಹಡಗಿನ ಕೆಲಸಕ್ಕೆ ಸೇರಿದರು, ವರ್ಷ ಕಳೆದ ಮೇಲೂ ಎಷ್ಟು ಜನ ಉಳಿದರು ಅಂತ ಯಾರಾದರೂ ಹೇಳ್ತೀರಾ? ಸೀಟು ಎಷ್ಟು ತುಂಬಿತು, ಎಷ್ಟು ಜನ ಪಾಸಾದರು ಅಂತ ಹೇಳುವವರು ಬೇಕಾದಷ್ಟಿದ್ದಾರೆ.

ವೆಲ್ಡರ್ ಕೋರ್ಸು ಒಂದೇ ವರ್ಷದ್ದು. ಹುಡುಗರು ಜಾಸ್ತಿ ಕಲಿಯೋದು ಬೆಂಚಿನ ಮೇಲೆ ಸಣ್ಣ ಪ್ಲೇಟ್ ಇಟ್ಟು, ರಾಡ್ ಹಿಡಿದು. ಹಡಗಿನಲ್ಲಿ ತಳದ ಟ್ಯಾಂಕಿನೊಳಗೆ ಮ್ಯಾನ್‌ಹೋಲ್‌ನಿಂದ ತೂರಿಕೊಂಡು ಹೋಗಿ, ಮಂಡಿಯೂರಿ, ತಲೆ ಮೇಲಿನ ಪ್ಲೇಟಿಗೆ ಸಿಒ2 ವೆಲ್ಡಿಂಗ್ (ರಾಡ್ ಬದಲು ಗ್ಯಾಸ್ ಬಿಡುತ್ತಾ ತಂತಿ ಕರಗಿಸೋದು) ಹಾಕಬೇಕು, ಕಿಡಿ ಸೀದಾ ಕಾಲರ್ ಒಳಗೇ ಬೀಳುತ್ತದೆ. ಅದಕ್ಕೂ ಮುಂಚೆ 3ಜಿ, 4ಜಿ ಟೆಸ್ಟ್ ಇದೆ, ಅಂದರೆ ನೆಟ್ಟಗೆ ನಿಲ್ಲಿಸಿದ ಪ್ಲೇಟಿಗೂ ತಲೆ ಮೇಲಿನ ಪ್ಲೇಟಿಗೂ ವೆಲ್ಡ್ ಹಾಕಿ ತೋರಿಸೋದು. ಹಡಗಿನ ಗುಣಮಟ್ಟ ನೋಡೋ ಸರ್ವೇಯರ್ ಎದುರು ಹಾಕಿದ ಪೀಸನ್ನು ಬಗ್ಗಿಸಿಯೋ ಎಕ್ಸ್‌ರೇ ತೆಗೆದೋ ನೋಡುತ್ತಾರೆ. ಬಿರುಕು ಕಂಡರೆ ಮನೆಗೆ. ಐಟಿಐ ಸರ್ಟಿಫಿಕೇಟಿನ ಬೆಲೆ ಗೇಟಿನ ತನಕ ಅಷ್ಟೇ.

ಅಪ್ರೆಂಟಿಸ್ ಆಗಬಹುದಲ್ವಾ ಅಂತೀರಿ. ಆಗಬಹುದು. 2019ರ ನಿಯಮದಲ್ಲಿ ಐಟಿಐ ಆದವರಿಗೆ ಇಟ್ಟ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 7,000 ರೂಪಾಯಿ, ರೂಮು ಬಾಡಿಗೆ ಊಟ ಕಳೆದರೆ ಏನು ಉಳಿಯುತ್ತದೆ ನೀವೇ ನೋಡಿ. ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಕಾನೂನೂ ಇಲ್ಲ. ಆಮೇಲೆ ಗುತ್ತಿಗೆದಾರನ ಕೈಕೆಳಗೆ ದುಡಿಯೋದು, ಹಡಗು ನೀರಿಗಿಳಿದ ಮೇಲೆ ಮುಂದಿನ ಆರ್ಡರಿಗೆ ಕಾಯೋದು. ಅದಕ್ಕೇ ಕೈ ಕುದುರಿದವರು ಗಲ್ಫ್ ವಿಮಾನ ಹತ್ತುತ್ತಾರೆ, ಉಳಿದವರು ಊರಿನ ಗ್ರಿಲ್ ಅಂಗಡಿ ಸೇರುತ್ತಾರೆ. ಗ್ರಿಲ್ ಕೆಲಸ ಕೀಳು ಅಂತಲ್ಲ, ಅದಕ್ಕೆ ಸರ್ಕಾರ ಹಡಗಿನ ಕನಸು ತೋರಿಸಬೇಕಿರಲಿಲ್ಲ.

ಹುಡುಗರಿಗೆ ಸೋಮಾರಿತನ ಅಂತ ಸುಮ್ನೆ ಬೈಯೋರಿದ್ದಾರೆ. ಬೇಸಿಗೆಯಲ್ಲಿ ಒಂದು ದಿನ ಆ ಟ್ಯಾಂಕಿನೊಳಗೆ ಕೂತು ಬನ್ನಿ, ಆಮೇಲೆ ಮಾತಾಡೋಣ.

ಕೌಶಲ್ಯಾಭಿವೃದ್ಧಿ ಇಲಾಖೆ ಕರಾವಳಿಯ ಐಟಿಐಗಳಲ್ಲೇ ಕೊನೆಯ ಮೂರು ತಿಂಗಳು 3ಜಿ, 4ಜಿ ಅಭ್ಯಾಸ ಮಾಡಿಸಲಿ, ಟೆಸ್ಟ್ ಫೀಸೂ ಅದೇ ಕಟ್ಟಲಿ. ಹಿಂದಿನ ಬ್ಯಾಚಿನವರು ಈಗ ಎಲ್ಲಿದ್ದಾರೆ, ಎಷ್ಟು ಸಂಬಳ ಅನ್ನೋ ಪಟ್ಟಿಯನ್ನು ಹೆಸರಿಲ್ಲದೆ, ಅಡ್ಮಿಷನ್ ಶುರುವಾಗೋ ಮುಂಚೆಯೇ ನೋಟಿಸ್ ಬೋರ್ಡಿಗೆ ಹಾಕಲಿ.

— ಒಬ್ಬ ನಿವೃತ್ತ ವೆಲ್ಡರ್, ಉಡುಪಿ