ಸುರಗಿ ಕೊಟ್ಟ ಅಮ್ಮನಿಗೆ

ಮಾರ್ಚ್ ತಿಂಗಳ ಒಂದು ಸಂಜೆ ಮಂಗಳೂರು ಬಾವುಟಗುಡ್ಡೆಯ ಠಾಗೋರ್ ಪಾರ್ಕಿನಲ್ಲಿ ನನ್ನ ಪಕ್ಕ ಬಂದು ಕೂತ ಅಮ್ಮನಿಗೆ ಈ ಬರಹ. ನಿಮ್ಮ ಹೆಸರು ಕೇಳಲಿಲ್ಲ. ಆಗ ಅದು ತೋಚಲೇ ಇಲ್ಲ.

ಅಪ್ಪ ಆಸ್ಪತ್ರೆ ಸೇರಿ 13ನೇ ದಿನ. ವಾರ್ಡಿನ ಫಿನಾಯಿಲ್ ವಾಸನೆ ತಡೆಯಲಾಗದೆ ಸುಮ್ನೆ ಗುಡ್ಡೆ ಹತ್ತಿದ್ದೆ. ಸೆಕೆ ಜೋರಿತ್ತು.

"ಊಟ ಆಯ್ತಾ ಮಗಾ?" ಅಂತ ಕೇಳಿದಿರಿ. ಅತ್ತುಬಿಟ್ಟೆ. ನೀವು ಏನೂ ಕೆದಕಲಿಲ್ಲ. ಚೀಲದಿಂದ ಬಾಳೆ ಎಲೆಯ ಪೊಟ್ಟಣ ತೆಗೆದು ಬಿಚ್ಚಿದಿರಿ. ಒಳಗೆ ಸುರಗಿ ಹೂ! ಪುಟ್ಟ ಬಿಳಿ ಎಸಳು, ನಡುವೆ ಒತ್ತಾಗಿ ಹಳದಿ ಕೇಸರ. ಮನೆ ಹಿಂದಿನ ಮರದ್ದು, ಬೆಳಗ್ಗೆ ಬುಡದಲ್ಲಿ ಸೀರೆ ಹಾಸಿ ಉದುರಿಸಿದ್ದು ಅಂದಿರಿ. ಬಾಳೆನಾರಿನ ಒಂದು ತುದಿ ನನ್ನ ಕೈಗೆ ಕೊಟ್ಟಿರಿ. ನಾನು ಹಿಡಿದೆ, ನೀವು ಕಟ್ಟಿದಿರಿ. ಅಷ್ಟು ಹೊತ್ತು ಬೇರೆ ಯಾವ ಚಿಂತೆಯೂ ಬರಲಿಲ್ಲ. ತಲೆ ಎತ್ತಿ ನೋಡಿದರೆ ದೂರದಲ್ಲಿ ಸಮುದ್ರ ಕೆಂಪಾಗಿತ್ತು. ಮರಗಳಲ್ಲೆಲ್ಲ ಎಳೆ ಚಿಗುರು. ಇದೆಲ್ಲ ಮೊದಲೇ ಅಲ್ಲೇ ಇತ್ತು, ಅಲ್ವಾ?

ಹೊರಡುವಾಗ ಮಾಲೆ ನನಗೇ ಕೊಟ್ಟಿರಿ. "ಒಣಗಿದ್ರೂ ಬಿಸಾಡ್ಬೇಡ, ಪರಿಮಳ ಹೋಗುದಿಲ್ಲ" ಅಂದಿರಿ.

ಅದನ್ನು ಅಪ್ಪನ ತಲೆದಿಂಬಿನ ಪಕ್ಕ ಇಟ್ಟೆ. ಕಣ್ಣು ತೆರೆಯದೆಯೇ "ಸುರಗಿಯಾ?" ಅಂದರು. ಎರಡು ದಿನದಲ್ಲಿ ಅವರು ಆಡಿದ ಮೊದಲ ಮಾತು ಅದು.

ಅಪ್ಪ ಈಗ ಮನೆಗೆ ಬಂದಿದ್ದಾರೆ. ಏಪ್ರಿಲ್‌ನಲ್ಲಿ ತುಳುನಾಡಿನ ಹೊಸ ವರ್ಷ ಬಿಸುವಿಗೆ, ಬೆಳಗ್ಗೆ ಎದ್ದು ಮೊದಲು ನೋಡುವ ಕಣಿಯಲ್ಲಿ ಸೌತೆಕಾಯಿ, ತೆಂಗಿನಕಾಯಿ ಜೊತೆ ಆ ಒಣ ಮಾಲೆಯನ್ನೂ ಇಟ್ಟೆವು. ಇನ್ನೂ ಘಮ ಇತ್ತು.

ತುಂಬಾ ಉಪಕಾರ ಆಯ್ತು ಅಮ್ಮಾ. ಶನಿವಾರ ಸಂಜೆ ಅದೇ ಬೆಂಚಿನಲ್ಲಿ ಇರುತ್ತೇನೆ, ಅಪ್ಪನ ಜೊತೆ.