ಮಂಜಿಯ ಮಾದರಿಗೂ ಕಾರವಾರದಲ್ಲಿ ಜಾಗ ಕೊಡಿ

ಮಾನ್ಯರೇ,

ಕಳೆದ ತಿಂಗಳು ಮೊಮ್ಮಕ್ಕಳ ಜೊತೆ ಕಾರವಾರಕ್ಕೆ ಹೋದಾಗ ಟ್ಯಾಗೋರ್ ಕಡಲತೀರದಲ್ಲಿರುವ ಚಪಲ್ ಯುದ್ಧನೌಕೆ ಸಂಗ್ರಹಾಲಯ ನೋಡಿದೆವು. 2005ರವರೆಗೆ ನೌಕಾಪಡೆಯಲ್ಲಿ ದುಡಿದ ಹಡಗು ಅದು. ಒಳಗೆ ಇಕ್ಕಟ್ಟು, ತಲೆ ಬಗ್ಗಿಸಿಕೊಂಡೇ ನಡೆಯಬೇಕು. ನಾವಿಕರ ಬೊಂಬೆಗಳನ್ನು ನಿಲ್ಲಿಸಿದ್ದಾರೆ. ಇಷ್ಟು ಸಣ್ಣ ಜಾಗದಲ್ಲಿ ಜನ ತಿಂಗಳುಗಟ್ಟಲೆ ಇರುತ್ತಿದ್ದರಾ ಎಂದು ಮಕ್ಕಳು ಬೆರಗಾದರು. ಚಪಲ್ 1971ರ ಯುದ್ಧದಲ್ಲಿತ್ತು ಎಂದು ಹಲವರು ಬರೆಯುತ್ತಾರೆ, ಅದು ಸರಿಯಲ್ಲ. ಇದು ಸೇವೆಗೆ ಬಂದದ್ದೇ 1976ರಲ್ಲಿ. ಕರಾಚಿಯ ಮೇಲೆ ದಾಳಿ ಮಾಡಿದ್ದು ಇದೇ ಜಾತಿಯ ನಿಪಾತ್, ನಿರ್ಘಾತ್, ವೀರ್ ಹಡಗುಗಳು.

ಇಷ್ಟೆಲ್ಲ ನೋಡಿ ಹೊರಬಂದಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ನಮ್ಮ ಮನೆಯ ಮಂಜಿ. ಮಂಜಿ ಎಂದರೆ ನಮ್ಮ ಕರಾವಳಿಯಲ್ಲಿ ಸರಕು ಸಾಗಿಸುವ ಮರದ ಹಡಗು, ನಮ್ಮ ಮನೆಯಲ್ಲಿರುವುದು ಅದರ ಪುಟ್ಟ ಮಾದರಿ.

ನಮ್ಮ ದೊಡ್ಡಪ್ಪ ಮಂಗಳೂರು ಹಂಚು ಹೇರಿದ ಹಾಯಿ ಮಂಜಿಗಳಲ್ಲಿ ದುಡಿದವರು. ವಯಸ್ಸಾಗಿ ದಡ ಸೇರಿದ ಮೇಲೆ ಜಗಲಿಯಲ್ಲಿ ಕೂತು ಹಲಸಿನ ಮರದಲ್ಲಿ ಒಂದೂವರೆ ಮೊಳದ ಮಂಜಿ ಮಾಡಿದರು. ಎರಡು ಮಳೆಗಾಲ ಹಿಡಿಯಿತು. ಹಲಗೆ ಹಲಗೆಯ ಸಂದಿಗೂ ಹತ್ತಿ ತುರುಕಿದ್ದಾರೆ. ಚುಕ್ಕಾಣಿ ಈಗಲೂ ತಿರುಗುತ್ತದೆ. ಹಾಯಿಕಂಬ ಮಾತ್ರ ನೆಟ್ಟಗಿಲ್ಲ, ಮುಂದಕ್ಕೆ ವಾಲಿದೆ. ವಾರೆಯಾಗಿದೆಯಲ್ಲ ಎಂದು ಚಿಕ್ಕವನಿದ್ದಾಗ ಕೇಳಿದ್ದೆ. ಹಾಯಿ ಕಟ್ಟುವ ಮರ ಕಂಬಕ್ಕಿಂತ ಉದ್ದ, ಗಾಳಿಗೆ ತಕ್ಕಂತೆ ಅದನ್ನು ಕಂಬದ ಮುಂದಿನಿಂದ ಆಚೆ ಬದಿಗೆ ದಾಟಿಸಬೇಕು, ಅದಕ್ಕೆ ಜಾಗ ಬೇಕಲ್ವಾ ಎಂದಿದ್ದರು. ಚಿತ್ರ ನೋಡಿದರೆ ಇದು ತಿಳಿಯುವುದಿಲ್ಲ. ಆ ಪುಟ್ಟ ಹಾಯಿಯನ್ನು ಕೈಯಲ್ಲಿ ಹಿಡಿದು ಒಮ್ಮೆ ದಾಟಿಸಿದರೆ ಸಾಕು, ಮಗುವಿಗೂ ತಿಳಿಯುತ್ತದೆ.

2025ರ ಮೇ 21ರಂದು ಇದೇ ಕಾರವಾರದ ನೌಕಾನೆಲೆಯಲ್ಲಿ ‘ಕೌಂಡಿನ್ಯ’ ಎಂಬ ಹಾಯಿ ಹಡಗು ನೌಕಾಪಡೆಗೆ ಸೇರಿತು. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ಕಟ್ಟಿದ ಹಡಗು. ಅದರ ಹಾಯಿಯ ಮೇಲೆ ಗಂಡಭೇರುಂಡ ನೋಡಿ ತುಂಬಾ ಖುಷಿಪಟ್ಟೆ. ಆದರೆ ಅಂಥ ಹಡಗಿನ ಒಂದು ನಕ್ಷೆಯೂ ಉಳಿದಿರಲಿಲ್ಲ. ಅಜಂತಾ ಗುಹೆಯ 5ನೇ ಶತಮಾನದ ಚಿತ್ರ ನೋಡಿಕೊಂಡು ಆಕಾರ ಹುಡುಕಬೇಕಾಯಿತು. ನೀರಿನಲ್ಲಿ ಹೇಗೆ ನಿಲ್ಲುತ್ತದೆ ಎಂದು ತಿಳಿಯಲು ಮದ್ರಾಸ್ ಐಐಟಿಯವರ ಜೊತೆ ಮಾದರಿ ಪರೀಕ್ಷೆಯನ್ನೂ ಮಾಡಿದರು. ಅಷ್ಟು ಶ್ರಮ ಬಿತ್ತು.

ನಮ್ಮ ಹಾಯಿ ಮಂಜಿಗೂ ಅದೇ ಗತಿ ಬರುವುದು ಬೇಡ. ಹಾಯಿ ಹೋಗಿ ಎಂಜಿನ್ ಬಂತು. ಹಾಯಿ ಕಟ್ಟಿದವರು, ಕಟ್ಟಿದ್ದನ್ನು ಕಂಡವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಉಳಿದವರೆಲ್ಲ ನನ್ನಂಥ ಮುದುಕರು. ಜಿಲ್ಲಾಡಳಿತ ಮತ್ತು ನೌಕಾಪಡೆಯವರು ಚಪಲ್ ಪಕ್ಕದಲ್ಲಿ ಒಂದು ಕೋಣೆ ಕೊಡಲಿ. ಅಲ್ಲಿ ಮಂಜಿ, ಸರಕಿನ ಹಾಯಿ ಹಡಗಾದ ಪತ್ತೆಮಾರಿ, ದೊಡ್ಡ ಬಲೆ ಬೀಸುವ ರಂಪಣಿ ದೋಣಿ, ಸಣ್ಣ ಪಾತಿ ದೋಣಿಗಳ ಮಾದರಿಗಳಿರಲಿ. ಯಂತ್ರದಲ್ಲಿ ಅಚ್ಚು ಹೊಡೆದದ್ದು ಬೇಡ. ಗಂಗೊಳ್ಳಿ, ಭಟ್ಕಳ, ತದಡಿ ಕಡೆಯ ದೋಣಿ ಕಟ್ಟುವ ಆಚಾರಿಗಳಿಂದಲೇ, ಸರಿಯಾದ ಕೂಲಿ ಕೊಟ್ಟು ಮಾಡಿಸಿ. ಮಾಡಿದವರ ಹೆಸರನ್ನು ಮಾದರಿಯ ಕೆಳಗೆ ಬರೆಯಿರಿ. ಹಡಗಿನ ಒಂದೊಂದು ಭಾಗಕ್ಕೂ ಕನ್ನಡ, ಕೊಂಕಣಿ, ತುಳುವಿನಲ್ಲಿ ಇರುವ ಹೆಸರನ್ನೂ ಬರೆಯಿರಿ, ಅವು ಮರಕ್ಕಿಂತ ಬೇಗ ಹೋಗುತ್ತವೆ. ಕೇರಳದ ಬೇಪೂರಿನಲ್ಲಿ ಉರು ಎಂಬ ಮರದ ಹಡಗಿನ ಪುಟ್ಟ ಮಾದರಿಗಳನ್ನು ಮಾಡಿ ಮಾರುತ್ತಾರೆ. ಬಂದ ಪ್ರವಾಸಿಗರು ಆಸೆಪಟ್ಟು ಕೊಳ್ಳುತ್ತಾರೆ. ಇಲ್ಲೂ ಆಚಾರಿಗಳ ಮಕ್ಕಳಿಗೆ ಆ ದಾರಿ ಆಗಬಹುದು.

ಕೋಣೆ ಸಿದ್ಧವಾದರೆ ದೊಡ್ಡಪ್ಪನ ಮಂಜಿಯನ್ನು ನಾನೇ ತಂದು ಕೊಡುತ್ತೇನೆ. ದುಡ್ಡು ಬೇಡ. ಗಾಜಿನ ಪೆಟ್ಟಿಗೆ ಮಾತ್ರ ಮಾಡಿಸಿಡಿ. ಉಪ್ಪುಗಾಳಿಗೆ ಹಾಯಿಯ ಬಟ್ಟೆ ಈಗಾಗಲೇ ಪುಡಿಯಾಗುತ್ತಿದೆ.

— ಒಬ್ಬ ಓದುಗ, ಗಂಗೊಳ್ಳಿ