ಕೈ ಪಳಗಿರಲಿ, ಮಗಳೇ

ವಿರಾಜಪೇಟೆ

ಚಿ. ಮಗಳಿಗೆ, ಸೋದರಮಾವನ ಆಶೀರ್ವಾದಗಳು.

ನೀನು ಏರ್‌ಬಸ್‌ನ ಬಲಬದಿಯ ಆಸನದಲ್ಲಿ, ಸಹಪೈಲಟ್ ಆಗಿ, ಕುಳಿತ ಸುದ್ದಿ ಕೇಳಿ ಬಹಳ ಹೆಮ್ಮೆಯಾಯಿತು. ಆದರೆ ನೆಲ ಬಿಟ್ಟೊಡನೆ ಆಟೋಪೈಲಟ್ ಹಾಕಿದರೆ ಇಳಿಯುವ ಕೊನೆಯ ನಿಮಿಷದವರೆಗೂ ತೆಗೆಯುವುದಿಲ್ಲ ಎಂದು ನಿನ್ನ ಅಮ್ಮನಿಗೆ ಹೇಳಿದೆಯಂತೆ. ಅದಕ್ಕಾಗಿಯೇ ಈ ಪತ್ರ.

ಆಟೋಪೈಲಟ್ ಬೇಡವೆನ್ನುವವನು ನಾನಲ್ಲ. 29,000 ಅಡಿಯ ಮೇಲೆ, ಸಾವಿರ ಅಡಿಯ ಅಂತರದಲ್ಲಿ ವಿಮಾನಗಳು ಸಾಗುವಲ್ಲಿ ಅದು ಬೇಕೇ ಬೇಕು. ಮುಂಗಾರಿನಲ್ಲಿ ಕಣ್ಣೂರಿನ ಟೇಬಲ್‌ಟಾಪ್ (ಗುಡ್ಡದ ನೆತ್ತಿಯ) ರನ್‌ವೇಗೆ ಬರುವಾಗಲೂ ಬಳಸು. ಕೈಚಳಕದ ಅಭ್ಯಾಸಕ್ಕೆ ಅದು ಹೊತ್ತಲ್ಲ.

2009ರ ಜೂನ್ 1ರಂದು ಅಟ್ಲಾಂಟಿಕ್ ಮೇಲೆ ಏರ್ ಫ್ರಾನ್ಸ್ 447 ವಿಮಾನದ ವೇಗ ಅಳೆಯುವ ಪಿಟೊಟ್ ಕೊಳವೆಗಳಲ್ಲಿ ಹಿಮದ ಹರಳು ಕಟ್ಟಿತು. ವೇಗದ ಅಂಕಿಗಳು ಕೆಟ್ಟು ಆಟೋಪೈಲಟ್ ಕಳಚಿಕೊಂಡಿತು. ಸುಮಾರು ಒಂದು ನಿಮಿಷದಲ್ಲಿ ಕೊಳವೆಗಳು ಸರಿಯಾದವು, ಆದರೆ ಅಷ್ಟರೊಳಗೆ ವಿಮಾನದ ಮೂಗನ್ನು ಮೇಲೆತ್ತಿ ಸ್ಟಾಲ್‌ಗೆ, ಅಂದರೆ ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯಲಾರದ ಸ್ಥಿತಿಗೆ, ಸಿಲುಕಿಸಿಯಾಗಿತ್ತು. 228 ಜನ ಹೋದರು. ಮೂಗಿನ ಕೋನವನ್ನೂ ಎಂಜಿನ್ ಶಕ್ತಿಯನ್ನೂ ಇದ್ದಂತೆಯೇ ಹಿಡಿದಿದ್ದರೆ ವಿಮಾನ ಹಾರುತ್ತಲೇ ಇರುತ್ತಿತ್ತು. ಆ ಪೈಲಟ್‌ಗಳನ್ನು ದೂರಲು ನನಗೆ ಮನಸ್ಸಿಲ್ಲ: ಅಷ್ಟು ಎತ್ತರದಲ್ಲಿ ಕೈಯಿಂದ ಹಾರಿಸುವ ತರಬೇತಿಯನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ ಎಂದು ತನಿಖಾ ವರದಿಯೇ ಹೇಳಿದೆ. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಏಷಿಯಾನಾದ ಬೋಯಿಂಗ್ 777 ನೆಲಕ್ಕೆ ಬಡಿದದ್ದಂತೂ ತಿಳಿಯಾದ ಹಗಲಿನಲ್ಲಿ. ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ಆಟೋಥ್ರಾಟಲ್ ವೇಗ ಕಾಯುತ್ತಿದೆ ಎಂದು ಪೈಲಟ್‌ಗಳು ನಂಬಿದ್ದರು, ಅದು ಕಾಯುತ್ತಿರಲಿಲ್ಲ.

ಅಭ್ಯಾಸ ತಪ್ಪಿದರೆ ಮೊದಲು ಮಂಕಾಗುವುದು ಕೈಯಲ್ಲ, ಕಣ್ಣು ಮತ್ತು ಲೆಕ್ಕ. ಯಾವ ಮೀಟರ್ ಯಾವಾಗ ನೋಡಬೇಕು, ಇಷ್ಟು ಎತ್ತರ ಇಳಿಸಲು ಇನ್ನೆಷ್ಟು ಮೈಲಿ ಬೇಕು ಎಂಬುದನ್ನೆಲ್ಲ ಯಂತ್ರವೇ ಯೋಚಿಸುತ್ತಿದ್ದರೆ ನಿನ್ನ ತಲೆ ಅದನ್ನು ಬಿಟ್ಟುಬಿಡುತ್ತದೆ. ಆದ್ದರಿಂದ ಆಕಾಶ ತಿಳಿಯಾಗಿ, ವಿಮಾನಗಳ ದಟ್ಟಣೆ ಕಡಿಮೆಯಿರುವ ದಿನ, ಕೈಯಿಂದ ಹಾರಿಸಲೇ ಎಂದು ಬ್ರೀಫಿಂಗ್‌ನಲ್ಲಿಯೇ ಕ್ಯಾಪ್ಟನ್‌ರನ್ನು ಕೇಳು. ಕೇಳಲು ಸಂಕೋಚ ಬೇಡ. ಒಳ್ಳೆಯ ಕ್ಯಾಪ್ಟನ್ ಸಂತೋಷಪಡುತ್ತಾರೆ. ಕಂಪನಿಯ ನಿಯಮ ಒಪ್ಪಿದರೆ ತೆರೆಯ ಮೇಲೆ ಗೆರೆ ತೋರಿಸಿ ದಾರಿ ಹೇಳುವ ಫ್ಲೈಟ್ ಡೈರೆಕ್ಟರನ್ನೂ ಆಟೋಥ್ರಾಟಲ್‌ನಂಥದೇ ಆದ ಆಟೋಥ್ರಸ್ಟನ್ನೂ ತೆಗೆದು ಹಾರಿಸು. ಅವನ್ನು ಹಾಗೆಯೇ ಇಟ್ಟುಕೊಂಡು ಬರೀ ಗೆರೆಯನ್ನು ಹಿಂಬಾಲಿಸುವುದರಿಂದ ಹೆಚ್ಚೇನೂ ಕಲಿಯಲಾಗದು. ನಿನಗೆ ಸಾಕೆನಿಸಿದ ಕ್ಷಣ ಆಟೋಪೈಲಟ್ ಹಾಕು, ಅದರಲ್ಲಿ ಅವಮಾನವೇನಿಲ್ಲ.

ಸಿಮ್ಯುಲೇಟರ್‌ನಲ್ಲಿ ಸಮಯ ಉಳಿದರೆ ಎತ್ತರದ ಸ್ಟಾಲ್ ಅನ್ನು ಕೇಳಿ ಮಾಡಿಸಿಕೋ. ವೇಗಮಾಪಕ ಕೈಕೊಟ್ಟಾಗ ಹಿಡಿಯಬೇಕಾದ ಕೋನ, ಶಕ್ತಿಗಳ ಅಂಕಿಗಳನ್ನು ಬಾಯಿಪಾಠ ಮಾಡು. ಹುತ್ತರಿಗೆ ಬಂದಾಗ ಪುಸ್ತಕ ನೋಡದೆ ನನಗೆ ಒಪ್ಪಿಸಬೇಕು.

ನಿನ್ನ ಮಾವ